ಗಾಜಿನ ತೊಟ್ಟಿಯ ಕ್ರೇಫಿಶ್: ಮೀನಿನೊಡನೆ ಸಾಕಬಹುದೇ?



ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆಯ ಬಲಿಪೂಜೆ ಮುಗಿಸಿ ನಾವು ಹೊರಗೆ ಬಂದಾಗ, ಗುರುನಿವಾಸದ ಮೆಟ್ಟಿಲ ಬಳಿ ಧರ್ಮೋಪದೇಶ ತರಗತಿಯ ಹುಡುಗನೊಬ್ಬ ಪ್ಲಾಸ್ಟಿಕ್ ಬಕೆಟ್ ಹಿಡಿದು ನಿಂತಿದ್ದ. ಬಕೆಟ್ಟಿನೊಳಗೆ ಅಂಗೈ ಉದ್ದದ ಒಂದು ಕ್ರೇಫಿಶ್. ಅದರ ಹೊಟ್ಟೆಯಡಿ, ಬಾಲದ ಕೆಳಗೆ, ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ನೂರಾರು ಮರಿಗಳು ಜೋತುಬಿದ್ದಿದ್ದವು. "ಫಾದರ್, ಇದನ್ನು ಮದಗಕ್ಕೆ ಬಿಡು ಎಂದು ಅಪ್ಪ ಹೇಳಿದ್ದಾರೆ. ಬಿಡಬಹುದಾ?" ಎಂದು ಕೇಳಿದ.

ಆ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನಾವು ಒಂದು ತಪ್ಪೊಪ್ಪಿಗೆ ಮಾಡಬೇಕಾಗಿದೆ. ಹುಡುಗನಿಗೆ ಈ ಪ್ರಾಣಿಯ ಮೇಲೆ ಆಸೆ ಹುಟ್ಟಿಸಿದವರು ನಾವೇ. ಎರಡು ವರ್ಷಗಳ ಹಿಂದೆ ಕುಟುಂಬವೊಂದು ತಮ್ಮ ಮನೆಯ ಗಾಜಿನ ತೊಟ್ಟಿಯನ್ನು ಗುರುನಿವಾಸಕ್ಕೆ ಕೊಟ್ಟಿತ್ತು. ವರಾಂಡದಲ್ಲಿಟ್ಟ ಆ ತೊಟ್ಟಿಯಲ್ಲಿ ಆರು ಗೋಲ್ಡ್ ಫಿಶ್‌ಗಳಿದ್ದವು. ಪಟ್ಟಣದ ಅಂಗಡಿಯೊಂದರಲ್ಲಿ ನೀಲಿ ಬಣ್ಣದ ಕ್ರೇಫಿಶ್ ಕಂಡು, "ಇದು ಕೆಳಗೆ ಬಿದ್ದ ತಿಂಡಿಯನ್ನು ತಿಂದು ತೊಟ್ಟಿಯನ್ನು ಚೊಕ್ಕಟವಾಗಿಡುತ್ತದೆ, ಯಾವ ಮೀನಿನೊಡನೆಯೂ ಹೊಂದಿಕೊಳ್ಳುತ್ತದೆ" ಎಂಬ ಮಾತನ್ನು ನಂಬಿ ಮನೆಗೆ ತಂದೆವು. ಮಕ್ಕಳು ತರಗತಿ ಮುಗಿದ ಕೂಡಲೇ ಅದರ ಮುಂದೆ ಗುಂಪುಗೂಡುತ್ತಿದ್ದರು. ನಮ್ಮ ತೊಟ್ಟಿಯ ಕಥೆ ಹೇಗೆ ಮುಗಿಯಿತು, ಹುಡುಗನ ಬಕೆಟ್ಟಿಗೆ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇವೆ. ಮಕ್ಕಳಿರುವ ಹಲವು ಮನೆಗಳಿಗೆ ಈಗ ಗಾಜಿನ ತೊಟ್ಟಿ ಬಂದಿರುವುದರಿಂದ, ಮೊದಲು ಈ ಜೀವಿಯ ಸ್ವಭಾವವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಏನಿದು ಕ್ರೇಫಿಶ್?

ಹೆಸರಿನಲ್ಲಿ 'ಫಿಶ್' ಇದ್ದರೂ ಇದು ಮೀನಲ್ಲ. ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ ಹತ್ತು ಕಾಲಿನ ಜೀವಿ. ನೋಡಲು ಕಡಲಿನ ಲಾಬ್‌ಸ್ಟರ್‌ನ ಪುಟ್ಟ ತಮ್ಮನಂತೆ. ಮುಂದಿನ ಜೊತೆ ಕಾಲುಗಳು ದಪ್ಪ ಇಕ್ಕುಳಗಳಾಗಿರುತ್ತವೆ. ಆದರೆ ವಾಸ ಸಿಹಿನೀರಿನಲ್ಲಿ. ಉತ್ತರ ಅಮೆರಿಕ, ಯುರೋಪು, ಆಸ್ಟ್ರೇಲಿಯಗಳಲ್ಲಿ ಇದರ ನೂರಾರು ಜಾತಿಗಳಿವೆ. ನಮ್ಮ ಭಾರತದ ನದಿ ತೋಡುಗಳಲ್ಲಿ ಮಾತ್ರ ಇದರ ಒಂದು ಜಾತಿಯೂ ಸಹಜವಾಗಿ ಹುಟ್ಟಿದ್ದಿಲ್ಲ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಮನೆಯ ತೊಟ್ಟಿಗಳಲ್ಲಿ ಸಾಕುವ ಜಾತಿಗಳಲ್ಲಿ ನಾಲ್ಕು ಮುಖ್ಯ. ಒಂದು, ಅಮೆರಿಕದ ದಕ್ಷಿಣ ರಾಜ್ಯಗಳು ಮತ್ತು ಉತ್ತರ ಮೆಕ್ಸಿಕೋದ ಕೆಂಪು ಜೌಗು ಕ್ರೇಫಿಶ್. ಇದರಲ್ಲಿ ಕೆಂಪು, ನೀಲಿ, ಬಿಳಿ ಬಣ್ಣದವೂ ಉಂಟು, ಸ್ವಭಾವ ಜಗಳಗಂಟಿ. ಎರಡು, ಉತ್ತರ ಆಸ್ಟ್ರೇಲಿಯ ಮತ್ತು ನ್ಯೂಗಿನಿಯ 'ರೆಡ್ ಕ್ಲಾ'. ಬೆಳೆದ ಗಂಡಿನ ಇಕ್ಕುಳದ ಹೊರಬದಿಯಲ್ಲಿ ಕೆಂಪು ಮಚ್ಚೆ ಇರುತ್ತದೆ. ಗಾತ್ರದಲ್ಲಿ ದೊಡ್ಡದು, ಸ್ವಭಾವದಲ್ಲಿ ಸ್ವಲ್ಪ ಸೌಮ್ಯ. ಮೂರು, ಮೆಕ್ಸಿಕೋದ ಕುಬ್ಜ ಕ್ರೇಫಿಶ್. ಕಿತ್ತಳೆ ಬಣ್ಣದ ಈ ಪುಟಾಣಿ ಒಂದೂವರೆ ಎರಡು ಅಂಗುಲಕ್ಕಿಂತ ಹೆಚ್ಚು ಬೆಳೆಯುವುದಿಲ್ಲ. ನಾಲ್ಕು, ಮೈಮೇಲೆ ಅಮೃತಶಿಲೆಯಂಥ ಚಿತ್ತಾರವಿರುವ ಮಾರ್ಬಲ್ ಕ್ರೇಫಿಶ್. ಇದರ ವಿಷಯ ಬೇರೆಯಾಗಿಯೇ ಹೇಳಬೇಕು.

ಮೀನಿನೊಡನೆ ಬಾಳ್ವೆ ಸಾಧ್ಯವೇ?

ನೇರ ಉತ್ತರ: ಸಾಧ್ಯ, ಆದರೆ ಎಲ್ಲ ಮೀನಿನೊಡನೆ ಅಲ್ಲ, ಎಲ್ಲ ಕ್ರೇಫಿಶ್‌ಗಳಿಗೂ ಅಲ್ಲ, ಮತ್ತು ಯಾವಾಗಲೂ ಸ್ವಲ್ಪ ಅಪಾಯವನ್ನು ಒಪ್ಪಿಕೊಂಡೇ.

ಕ್ರೇಫಿಶ್ ರಾತ್ರಿಯ ಸಂಚಾರಿ. ಹಗಲಿಡೀ ಕಲ್ಲಿನ ಸಂದಿಯಲ್ಲಿ ಸಾಧುವಿನಂತೆ ಕುಳಿತಿರುತ್ತದೆ. ದೀಪ ಆರಿದ ಮೇಲೆ ಹೊರಡುತ್ತದೆ. ಅದೇ ಹೊತ್ತಿಗೆ ಮೀನುಗಳು ವಿಶ್ರಾಂತಿಗಾಗಿ ತಳಕ್ಕೆ ಇಳಿದು ಅಲುಗಾಡದೆ ನಿಂತಿರುತ್ತವೆ. ನಮ್ಮ ತೊಟ್ಟಿಯಲ್ಲಿ ಆದದ್ದೂ ಅದೇ. ಮೂರನೆಯ ದಿನ ಬೆಳಿಗ್ಗೆ ಒಂದು ಗೋಲ್ಡ್ ಫಿಶ್‌ನ ಬಾಲ ಅರ್ಧವೇ ಉಳಿದಿತ್ತು. ವಾರ ಕಳೆಯುವಷ್ಟರಲ್ಲಿ ಎರಡು ಮೀನುಗಳ ಅಸ್ಥಿ ಮಾತ್ರ ಸಿಕ್ಕಿತು. ಹಗಲು ಎಷ್ಟು ಕಾದು ನೋಡಿದರೂ ಜಗಳ ಕಾಣಲಿಲ್ಲ. ಒಂದು ರಾತ್ರಿ ಹತ್ತು ಗಂಟೆಗೆ ಟಾರ್ಚು ಹಾಕಿ ನೋಡಿದಾಗ ಮೂರನೆಯ ಮೀನು ಇಕ್ಕುಳದಲ್ಲಿತ್ತು.

ಗೋಲ್ಡ್ ಫಿಶ್, ಫೈಟರ್, ಉದ್ದ ಬಾಲದ ಗಪ್ಪಿ, ಏಂಜೆಲ್ ಇವು ನಿಧಾನವಾಗಿ ಈಜುವ, ಜೋಲುವ ರೆಕ್ಕೆಯ ಮೀನುಗಳು. ಇವುಗಳನ್ನು ಕ್ರೇಫಿಶ್ ಜೊತೆ ಇಡಲೇಬಾರದು. ತಳದಲ್ಲೇ ವಾಸಿಸುವ ಕೋರಿಡೋರಾಸ್, ಲೋಚ್‌ಗಳಂಥ ಮೀನುಗಳಿಗೂ ಅಲ್ಲಿ ಜಾಗವಿಲ್ಲ. ಬಸವನಹುಳುಗಳನ್ನು ಬಿಟ್ಟರೆ ಅವು ಊಟವೇ ಆಗುತ್ತವೆ. ನೆಟ್ಟ ಜಲಸಸ್ಯಗಳನ್ನೂ ಇದು ಕತ್ತರಿಸುತ್ತದೆ, ಕಿತ್ತು ತೇಲಿಬಿಡುತ್ತದೆ.

ಸ್ವಲ್ಪಮಟ್ಟಿಗೆ ಹೊಂದಿಕೊಳ್ಳುವವು ಚುರುಕಾಗಿ ಓಡಾಡುವ, ನೀರಿನ ಮೇಲ್ಭಾಗ ಮತ್ತು ನಡುಭಾಗದಲ್ಲಿ ಇರುವ ಮೀನುಗಳು: ಡಾನಿಯೋ, ರೋಸಿ ಬಾರ್ಬ್, ಟೈಗರ್ ಬಾರ್ಬ್ ಮುಂತಾದವು. ಇವುಗಳನ್ನು ಆರೇಳರ ಗುಂಪಾಗಿ ಬಿಡಬೇಕು. ಹಾಗಿದ್ದರೂ ವರ್ಷದಲ್ಲಿ ಒಂದೆರಡು ನಷ್ಟವಾದರೆ ಆಶ್ಚರ್ಯಪಡಬೇಕಾಗಿಲ್ಲ. ಕುಬ್ಜ ಕ್ರೇಫಿಶ್ ಮಾತ್ರ ಸಣ್ಣ ಶಾಂತ ಮೀನುಗಳೊಡನೆ ಬಹುಮಟ್ಟಿಗೆ ಸಮಾಧಾನವಾಗಿ ಬಾಳುತ್ತದೆ. ಅದರ ಇಕ್ಕುಳಕ್ಕೆ ಅಷ್ಟು ಬಲವಿಲ್ಲ.

ಅಪಾಯ ಒಂದೇ ಕಡೆಯದಲ್ಲ. ಆಸ್ಕರ್‌ನಂಥ ದೊಡ್ಡ ಮೀನುಗಳು ಕ್ರೇಫಿಶ್ ಪೊರೆ ಬಿಟ್ಟ ಸಮಯ ನೋಡಿ ಅದನ್ನೇ ಹರಿದು ತಿನ್ನುತ್ತವೆ. ಇನ್ನು ಎರಡು ಕ್ರೇಫಿಶ್‌ಗಳನ್ನು ಒಂದೇ ಸಣ್ಣ ತೊಟ್ಟಿಯಲ್ಲಿಟ್ಟರೆ ಕೊನೆಗೆ ಉಳಿಯುವುದು ಒಂದೇ.

ತೊಟ್ಟಿ ಮತ್ತು ನೀರು

ಒಂದು ಮಧ್ಯಮ ಗಾತ್ರದ ಕ್ರೇಫಿಶ್ ಹಾಗೂ ಆರೇಳು ಮೀನುಗಳಿಗೆ 3 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಯಾದರೂ ಬೇಕು. ಇದರಲ್ಲಿ ಸುಮಾರು 85 ಲೀಟರ್ ನೀರು ಹಿಡಿಯುತ್ತದೆ. ಎತ್ತರಕ್ಕಿಂತ ತಳದ ವಿಸ್ತಾರ ಮುಖ್ಯ. ಮಣ್ಣಿನ ಮಡಕೆಯ ತುಂಡು, ಹೆಂಚಿನ ಚೂರು, ತೆಂಗಿನ ಗೆರಟೆ, ಪಿ.ವಿ.ಸಿ. ಪೈಪಿನ ತುಂಡು ಇವುಗಳಿಂದ ಅಡಗುವ ಜಾಗ ಮಾಡಿಕೊಡಬೇಕು. ಒಂದು ಪ್ರಾಣಿಗೆ ಎರಡು ಮೂರು ಅಡಗುದಾಣಗಳಿರಲಿ.

ಮುಚ್ಚಳ ಭದ್ರವಾಗಿರಬೇಕು. ಗಾಳಿ ಹಾಯಿಸುವ ಕೊಳವೆಯನ್ನೇ ಹಗ್ಗ ಮಾಡಿಕೊಂಡು ಇದು ಹೊರಗೆ ಹತ್ತಿ ಬರುತ್ತದೆ. ಕಿವಿರು ಒದ್ದೆಯಾಗಿರುವವರೆಗೆ ಹಲವು ಗಂಟೆ ನೆಲದ ಮೇಲೂ ಬದುಕುತ್ತದೆ. ಒಮ್ಮೆ ಬೆಳಗಿನ ಜಾವ ನಮ್ಮ ಅಡುಗೆಯವರು ಅದನ್ನು ಒಲೆಯ ಬಳಿ ಕಂಡು ಚೇಳೆಂದು ಕೂಗಿಕೊಂಡದ್ದುಂಟು.

ಹೊಸ ತೊಟ್ಟಿಗೆ ನೀರು ತುಂಬಿದ ದಿನವೇ ಜೀವಿಗಳನ್ನು ಬಿಡಬಾರದು. ಮೀನಿನ ಮಲಮೂತ್ರದಿಂದ ಅಮೋನಿಯ ಹುಟ್ಟುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಈ ಸೂಕ್ಷ್ಮಜೀವಿಗಳು ಶೋಧಕದಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಗೊಬ್ಬರದ ಗುಂಡಿ ಮಾಗಲು ಕಾಲ ಬೇಕಾದಂತೆ ತೊಟ್ಟಿ ಮಾಗಲೂ ಕಾಲ ಬೇಕು. ಆಮೇಲೆ ವಾರಕ್ಕೊಮ್ಮೆ ನಾಲ್ಕನೆಯ ಒಂದು ಭಾಗ ನೀರನ್ನು ಬದಲಿಸಿದರೆ ಸಾಕು. ತೆಗೆದ ನೀರನ್ನು ಹೂವಿನ ಗಿಡಕ್ಕೆ, ಬಸಳೆ ಬುಡಕ್ಕೆ ಹಾಕಿ, ಒಳ್ಳೆಯ ಗೊಬ್ಬರ.

ನಮ್ಮ ಗಡಿನಾಡಿನ ಮುರಕಲ್ಲು ನೆಲದ ಬಾವಿ ನೀರು, ಸುರಂಗದ ನೀರು ಕುಡಿಯಲು ಸಿಹಿಯಾದರೂ ಸ್ವಲ್ಪ ಹುಳಿಗುಣದ್ದು, ಸುಣ್ಣದ ಅಂಶ ಕಡಿಮೆ ಇರುವಂಥದ್ದು. ಕ್ರೇಫಿಶ್‌ಗೆ ಚಿಪ್ಪು ಕಟ್ಟಲು ಸುಣ್ಣದ ಅಂಶ ಬೇಕೇ ಬೇಕು. ನೀರಿನ ರಸಸಾರ 7ರಿಂದ 8ರ ನಡುವೆ ಇದ್ದರೆ ಉತ್ತಮ. ಕಡಲತೀರದ ಚಿಪ್ಪುಗಳನ್ನು ಚೆನ್ನಾಗಿ ತೊಳೆದು ಕುದಿಸಿ ಒಡೆದು ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿ ಶೋಧಕದ ಬಳಿ ಇಟ್ಟರೆ ನಿಧಾನವಾಗಿ ಕರಗುತ್ತಾ ನೀರನ್ನು ಸರಿಪಡಿಸುತ್ತದೆ. ಗಂಧಿಗೆ ಅಂಗಡಿಯ ಸಮುದ್ರನೊರೆಯ ತುಂಡೂ ಆದೀತು. ಆದರೆ ಗೋಡೆಗೆ ಬಳಿಯುವ, ವೀಳ್ಯಕ್ಕೆ ಹಚ್ಚುವ ಸುಣ್ಣವನ್ನು ಎಂದಿಗೂ ಹಾಕಬಾರದು. ಅದು ಒಮ್ಮೆಲೇ ನೀರನ್ನು ಖಾರವಾಗಿಸಿ ಎಲ್ಲವನ್ನೂ ಕೊಲ್ಲುತ್ತದೆ.

ಎಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ತೊಟ್ಟಿಯನ್ನು ಬಿಸಿಲು ಬೀಳದ ಕಡೆ ಇಟ್ಟು, ಗಾಳಿ ಹಾಯಿಸುವ ಯಂತ್ರವನ್ನು ರಾತ್ರಿಯಿಡೀ ನಡೆಸಬೇಕು.

ಆಹಾರ ಮತ್ತು ಪೊರೆ

ಹಸಿದ ಕ್ರೇಫಿಶ್ಸೇ ಮೀನಿಗೆ ಕೈಹಾಕುವುದು. ಸಂಜೆ ದೀಪ ಆರಿಸುವ ಹೊತ್ತಿಗೆ ತಳಕ್ಕೆ ಮುಳುಗುವ ಕಾಳಿನಂಥ ತಿಂಡಿ, ಬೇಯಿಸಿದ ಹರಿವೆ ಸೊಪ್ಪು, ಸೌತೆ, ಗೆಣಸಿನ ಚೂರು ಕೊಡಬಹುದು. ಒಣಗಿದ ಹಲಸಿನೆಲೆ, ಬಾದಾಮಿ ಎಲೆಯನ್ನೂ ಮೆಲ್ಲಗೆ ತಿನ್ನುತ್ತದೆ. ವಾರಕ್ಕೊಮ್ಮೆ ಮೀನಿನ ಅಥವಾ ಸಿಗಡಿಯ ಸಣ್ಣ ತುಂಡು ಸಾಕು. ಸೊಪ್ಪು ತರಕಾರಿಗಳು ಔಷಧಿ ಹೊಡೆಯದ ಹಿತ್ತಿಲಿನದ್ದಾಗಿರಲಿ. ಉಳಿದದ್ದನ್ನು ಬೆಳಿಗ್ಗೆ ತೆಗೆಯಿರಿ. ಕೊಳೆತರೆ ನೀರು ಕೆಡುತ್ತದೆ.

ಕ್ರೇಫಿಶ್‌ನ ಚಿಪ್ಪು ಬೆಳೆಯುವುದಿಲ್ಲ. ಮೈ ಬೆಳೆದಾಗ ಹಳೆಯ ಅಂಗಿಯಂತೆ ಅದನ್ನು ಕಳಚಿ ಹೊಸದನ್ನು ತೊಡುತ್ತದೆ. ಮರಿಗಳು ಮತ್ತೆ ಮತ್ತೆ, ಬೆಳೆದವು ವರ್ಷಕ್ಕೆ ಕೆಲವು ಬಾರಿ ಮಾತ್ರ ಪೊರೆ ಬಿಡುತ್ತವೆ. ಅದಕ್ಕೆ ಮುಂಚೆ ಹಳೆಯ ಚಿಪ್ಪಿನ ಸುಣ್ಣವನ್ನು ಹೀರಿ ಹೊಟ್ಟೆಯಲ್ಲಿ ಎರಡು ಸಣ್ಣ ಹರಳುಗಳಾಗಿ ಕೂಡಿಟ್ಟುಕೊಳ್ಳುತ್ತದೆ. ಸೃಷ್ಟಿಯ ಈ ಏರ್ಪಾಡನ್ನು ಓದಿದಾಗ ನಮಗೆ ಬೆರಗಾಯಿತು. ಪೊರೆ ಕಳಚಿದ ಮೇಲೆ ಕೆಲವು ದಿನ ಮೈ ಮೆತ್ತಗಿರುತ್ತದೆ. ತಿನ್ನದೆ ಅಡಗಿ ಕೂರುತ್ತದೆ. ಆಗ ಮುಟ್ಟಬಾರದು. ಕಳಚಿದ ಪೊರೆಯನ್ನು ಹೊರಗೆ ಹಾಕಲೂಬಾರದು. ಅದನ್ನೇ ತಿಂದು ಸುಣ್ಣದ ಅಂಶವನ್ನು ಮರಳಿ ಪಡೆಯುತ್ತದೆ. ನಮ್ಮ ಅಡುಗೆಯವರು ಕಣ್ಣು, ಮೀಸೆ, ಇಕ್ಕುಳ ಎಲ್ಲ ಇದ್ದ ಪೊರೆಯನ್ನು ಕಂಡು ಸತ್ತಿದೆ ಎಂದೆಣಿಸಿ ತಿಪ್ಪೆಗೆ ಎಸೆದರು. ಸಂಜೆ ನಿಜವಾದ ಕ್ರೇಫಿಶ್ ಗೆರಟೆಯೊಳಗಿಂದ ಇಣುಕಿದಾಗ ಅವರು ಶಿಲುಬೆಯ ಗುರುತು ಮಾಡಿಕೊಂಡರು.

ಮೈಲುತುತ್ತಿನ ಎಚ್ಚರ

ಕೃಷಿಕರ ಮನೆಗೆ ಮುಖ್ಯವಾದ ಮಾತು ಇದು. ಸಿಗಡಿ, ಏಡಿ, ಕ್ರೇಫಿಶ್ ಈ ವರ್ಗದ ಪ್ರಾಣಿಗಳಿಗೆ ತಾಮ್ರ ಘೋರ ವಿಷ. ನಮ್ಮ ಕ್ರೇಫಿಶ್ ಸತ್ತದ್ದು ಹೀಗೆಯೇ. ಉಳಿದ ಮೀನುಗಳ ಮೈಮೇಲೆ ಬಿಳಿ ಚುಕ್ಕೆ ಕಂಡಾಗ ನಾವು ಬಾಟಲಿಯ ಚೀಟಿಯನ್ನು ಪೂರ್ತಿ ಓದದೆ ನೀಲಿ ಔಷಧಿಯೊಂದನ್ನು ತೊಟ್ಟಿಗೆ ಸುರಿದೆವು. ಅದರಲ್ಲಿ ತಾಮ್ರದ ಸಲ್ಫೇಟು ಇತ್ತು. ಮೀನುಗಳು ಗುಣವಾದವು, ಕ್ರೇಫಿಶ್ ಮಾರನೆಯ ದಿನ ಮಗುಚಿ ಬಿದ್ದಿತ್ತು. ತಪ್ಪು ಔಷಧಿಯದ್ದಲ್ಲ, ಓದದ ನಮ್ಮದು.

ಅಡಿಕೆಯ ಕೊಳೆರೋಗಕ್ಕೆ ನಾವೆಲ್ಲ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಇರುತ್ತದೆ. ಮೈಲುತುತ್ತು ಎಂದರೆ ಅದೇ ತಾಮ್ರದ ಸಲ್ಫೇಟು. ಆದ್ದರಿಂದ ಮದ್ದು ಕಲಸಿದ ಬಕೆಟ್, ಡ್ರಮ್, ಕೋಲು ಯಾವುದನ್ನೂ ತೊಟ್ಟಿಯ ಕೆಲಸಕ್ಕೆ ಬಳಸಬಾರದು. ಮದ್ದು ಹೊಡೆದು ಬಂದ ದಿನ ಸಾಬೂನಿನಿಂದ ಕೈ ತೊಳೆದರೂ ತೊಟ್ಟಿಗೆ ಕೈ ಹಾಕುವುದು ಬೇಡ. ಪಂಪು ತೊಳೆದ ನೀರನ್ನು ತೋಡಿಗೆ ಬಿಡದಿದ್ದರೆ ನಮ್ಮ ತೋಡಿನ ಏಡಿ ಸಿಗಡಿಗಳೂ ಬದುಕುತ್ತವೆ. ಸೊಳ್ಳೆಗೆ, ಜಿರಳೆಗೆ ಹೊಡೆಯುವ ದ್ರಾವಣಗಳೂ ಅಷ್ಟೇ ಅಪಾಯಕಾರಿ. ಹೊಡೆಯುವಾಗ ತೊಟ್ಟಿಯನ್ನು ಮುಚ್ಚಿ, ಗಾಳಿ ಯಂತ್ರವನ್ನು ನಿಲ್ಲಿಸಬೇಕು. ಮೇಲಿನಿಂದ ಬಿದ್ದ ವಿಷ ನೀರಿಗೆ ಸೇರಿದರೆ ಏನಾಗುತ್ತದೆ ಎಂಬುದನ್ನು ಎಂಡೋಸಲ್ಫಾನ್ ಕಂಡ ಕಾಸರಗೋಡಿನವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಮದಗಕ್ಕೆ ಬಿಟ್ಟರೆ ಏನಾಗುತ್ತದೆ?

ಈಗ ಹುಡುಗನ ಬಕೆಟ್ಟಿಗೆ ಬರೋಣ. ಅವನ ಬಳಿ ಇದ್ದದ್ದು ಒಂದೇ ಕ್ರೇಫಿಶ್, ಆದರೂ ಮರಿಯಾಗಿತ್ತು. ಇದು ಹೇಗೆ ಎಂದು ಅವನಿಗೂ ಸೋಜಿಗ. ಎರಡು ದಾರಿಗಳಿವೆ. ಕೆಂಪು ಜೌಗು ಕ್ರೇಫಿಶ್‌ನ ಹೆಣ್ಣು ಮೊದಲೇ ಗಂಡಿನೊಡನೆ ಕೂಡಿದ್ದರೆ ಬೀಜವನ್ನು ತಿಂಗಳುಗಟ್ಟಲೆ ಕೂಡಿಟ್ಟುಕೊಂಡು ಆಮೇಲೆ ಮೊಟ್ಟೆಯಿಡಬಲ್ಲದು. ಮಾರ್ಬಲ್ ಕ್ರೇಫಿಶ್‌ಗೆ ಅದೂ ಬೇಕಾಗಿಲ್ಲ. 1990ರ ದಶಕದಲ್ಲಿ ಜರ್ಮನಿಯ ಮೀನುತೊಟ್ಟಿಗಳಲ್ಲಿ ಮೊದಲು ಕಂಡುಬಂದ ಈ ಜಾತಿಯಲ್ಲಿ ಇರುವುದೆಲ್ಲ ಹೆಣ್ಣೇ. ಗಂಡಿನ ಸಹವಾಸವಿಲ್ಲದೆ ತನ್ನದೇ ಪ್ರತಿರೂಪವಾದ ನೂರಾರು ಮರಿಗಳನ್ನು ಹಾಕುತ್ತದೆ. 2003ರಲ್ಲಿ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಅಂದರೆ ಒಂದು ಕೆರೆಯನ್ನು ತುಂಬಿಸಲು ಒಂದೇ ಪ್ರಾಣಿ ಸಾಕು. ಈ ಶತಮಾನದ ಮೊದಲ ದಶಕದಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಹೇಗೋ ಸೇರಿಕೊಂಡ ಮಾರ್ಬಲ್ ಕ್ರೇಫಿಶ್ ಅಲ್ಲಿನ ಗದ್ದೆ, ಕೆರೆ, ಕಾಲುವೆಗಳಲ್ಲಿ ಹರಡಿಬಿಟ್ಟಿತು. ಐರೋಪ್ಯ ಒಕ್ಕೂಟ 2016ರಲ್ಲಿ ಇದನ್ನೂ ಕೆಂಪು ಜೌಗು ಕ್ರೇಫಿಶ್ಸನ್ನೂ ಅಪಾಯಕಾರಿ ಪರಕೀಯ ಜೀವಿಗಳ ಪಟ್ಟಿಗೆ ಸೇರಿಸಿತು.

ಹುಡುಗನ ತಂದೆ ಮಾರನೆಯ ದಿನ ಬಂದರು. ಒಳ್ಳೆಯ ಕೃಷಿಕರು, ಸುರಂಗದ ನೀರನ್ನು ಮದಗದಲ್ಲಿ ಹಿಡಿದು ತೋಟ ಮಾಡಿದವರು. "ಏಡಿಯಂಥ ಒಂದು ಪ್ರಾಣಿ ಫಾದರ್, ಮದಗದಲ್ಲಿ ಬೆಳೆದರೆ ಸಾರಿಗಾಯಿತು. ಅಮೆರಿಕದಲ್ಲಿ ಗದ್ದೆಯಲ್ಲೇ ಬೆಳೆಸುತ್ತಾರಂತಲ್ಲ" ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅಮೆರಿಕದ ಲೂಸಿಯಾನದಲ್ಲಿ ಭತ್ತದ ಕೊಯ್ಲಾದ ಮೇಲೆ ಗದ್ದೆಗೆ ನೀರು ಬಿಟ್ಟು, ಕೂಳೆಯ ನಡುವೆ ಕ್ರೇಫಿಶ್ ಬೆಳೆಸಿ, ಬಲೆಯ ಬುಟ್ಟಿಗಳಿಂದ ಹಿಡಿಯುತ್ತಾರೆ. ಅಲ್ಲಿನ ಕಥೋಲಿಕ ಕುಟುಂಬಗಳು ತಪಸ್ಸುಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಟ್ಟು ಇದನ್ನೇ ಉಣ್ಣುವ ರೂಢಿಯೂ ಇದೆ. ಆದರೆ ಅದು ಆ ಪ್ರಾಣಿಯ ತವರುಮನೆ. ಅದನ್ನು ತಿನ್ನುವ ಹಕ್ಕಿ, ಮೀನು, ಪ್ರಾಣಿಗಳೆಲ್ಲ ಅಲ್ಲೇ ಇವೆ.

ತವರು ಬಿಟ್ಟು ಹೋದಲ್ಲಿ ಏನಾಯಿತು ನೋಡಿ. 1970ರ ದಶಕದಲ್ಲಿ ಸ್ಪೇನಿನ ಗ್ವಾದಲ್‌ಕಿವೀರ್ ನದಿಯ ಜೌಗು ಪ್ರದೇಶಕ್ಕೆ ಕೆಂಪು ಕ್ರೇಫಿಶ್ಸನ್ನು ವ್ಯಾಪಾರಕ್ಕಾಗಿ ತಂದರು. ವ್ಯಾಪಾರವೇನೋ ನಡೆಯಿತು. ಆದರೆ ಭತ್ತದ ಎಳೆ ಸಸಿಗಳನ್ನು ಅದು ಕತ್ತರಿಸಿತು, ಬದುಗಳನ್ನು ತೂತು ಮಾಡಿತು, ಜೌಗಿನ ಸಸ್ಯಗಳನ್ನೂ ಬಸವನಹುಳುಗಳನ್ನೂ ಬರಿದು ಮಾಡಿತು. ಜಪಾನಿಗೆ ಇದನ್ನು 1927ರಲ್ಲಿ ತಂದದ್ದು ಸಾಕುವ ಕಪ್ಪೆಗಳಿಗೆ ಆಹಾರವಾಗಲಿ ಎಂದು. ಅಲ್ಲಿಂದ ತಪ್ಪಿಸಿಕೊಂಡವು ದೇಶದ ಗದ್ದೆಗಳಿಗೆಲ್ಲ ಹಬ್ಬಿದವು. ಸುಮಾರು ನೂರು ವರ್ಷಗಳ ಬಳಿಕ, 2023ರ ಜೂನ್‌ನಿಂದ ಜಪಾನ್ ಸರ್ಕಾರ ಇದರ ಮಾರಾಟವನ್ನೂ ಹೊರಗೆ ಬಿಡುವುದನ್ನೂ ನಿಷೇಧಿಸಿದೆ. ಮನೆಯಲ್ಲಿ ಸಾಕಿದ್ದನ್ನು ಸಾಯುವವರೆಗೆ ನೋಡಿಕೊಳ್ಳಲು ಅವಕಾಶವಿದೆ.

ಇಷ್ಟೆಲ್ಲ ಹೇಳಿದರೂ ಆ ತಂದೆಯ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಕೊನೆಗೆ ನಾವು ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಗದ್ದೆಯ ಬದುವಿನಲ್ಲಿ ಏಡಿ ಬಿಲ ಮಾಡಿದರೆ ಏನು ಮಾಡುತ್ತೀರಿ?" "ಕೂಡಲೇ ಮಣ್ಣು ಮೆತ್ತುತ್ತೇವೆ. ಬಿಟ್ಟರೆ ರಾತ್ರಿ ಬೆಳಗಾಗುವುದರೊಳಗೆ ನೀರೆಲ್ಲ ಕೆಳಗಿನ ಗದ್ದೆಗೆ" ಎಂದರು. "ಇದೂ ಬಿಲ ತೋಡುತ್ತದೆ. ನೀರು ಬತ್ತಿದಾಗ ಒಂದು ಮೀಟರಿಗಿಂತಲೂ ಆಳಕ್ಕೆ ಇಳಿದು, ಬಾಯಿಗೆ ಮಣ್ಣಿನ ಬಿರಡೆ ಹಾಕಿ, ಮಳೆ ಬರುವವರೆಗೆ ಕಾಯುತ್ತದೆ. ನಿಮ್ಮ ಮದಗದ ಮಣ್ಣಿನ ಏರಿಯಲ್ಲಿ ಇಂಥವು ನೂರು ಇದ್ದರೆ?" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮದಗ ತುಂಬಿದರೆ ನೀರು ಕಣಿಗೆ, ಕಣಿಯಿಂದ ತೋಡಿಗೆ ಹೋಗುತ್ತದೆ. ಕೆಳಗೆ ನಾಲ್ಕು ಮನೆಯವರು ಸೇರಿ ಕಟ್ಟ ಕಟ್ಟುವುದು" ಎಂದು ತಾವಾಗಿಯೇ ಹೇಳಿದರು. ಮುಂದೆ ನಾವು ಏನನ್ನೂ ಹೇಳಬೇಕಾಗಲಿಲ್ಲ.

ನಮ್ಮ ನೀರಿನ ಸಂಪತ್ತು

ಹೊರಗಿನಿಂದ ಬಂದ ಜೀವಿಗಳ ಪಾಠ ನಮಗೆ ಹೊಸತಲ್ಲ. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯ ಇಂದು ಇಲ್ಲದ ಕೆರೆಯಿಲ್ಲ. ತೊಟ್ಟಿಯ ಪಾಚಿ ತಿನ್ನಲೆಂದು ಸಾಕಿದ ಸಕ್ಕರ್ ಮೀನು ದೊಡ್ಡದಾದ ಮೇಲೆ ಜನ ಹೊಳೆಗೆ ಬಿಟ್ಟು, ಕೇರಳದ ಹಲವು ನೀರುಗಳಲ್ಲಿ ಈಗ ಮೀನುಗಾರರ ಬಲೆ ಹರಿಯುತ್ತಿದೆ. 2018ರ ಮಹಾಪ್ರಳಯದಲ್ಲಿ ಸಾಕಣೆಯ ಕೊಳಗಳು ಒಡೆದು ಅರಪೈಮದಂಥ ದೂರದೇಶದ ಮೀನುಗಳು ಕೇರಳದ ನದಿಗಳಲ್ಲಿ ಸಿಕ್ಕವು. ನಮ್ಮ ಮಳೆಗಾಲದಲ್ಲಿ ಯಾವ ಕೊಳವೂ ಭದ್ರವಲ್ಲ.

ಕಳೆದುಕೊಳ್ಳಲು ನಮ್ಮಲ್ಲಿ ಬಹಳ ಇದೆ. ಪಯಸ್ವಿನಿ, ಚಂದ್ರಗಿರಿ ನದಿಗಳ ಮೇಲ್ಭಾಗದಲ್ಲಿ ಮೈಮೇಲೆ ಕೆಂಪು ಕಪ್ಪು ಗೆರೆಯ ಒಂದು ಸುಂದರ ಮೀನಿದೆ. 'ಮಿಸ್ ಕೇರಳ' ಎಂದು ಜಗತ್ತಿನ ಮೀನುಪ್ರಿಯರಿಗೆ ಪರಿಚಿತ. 1865ರಲ್ಲಿ ಫ್ರಾನ್ಸಿಸ್ ಡೇ ಇದನ್ನು ಮೊದಲು ವರ್ಣಿಸಿದರು. 1997ರಲ್ಲಿ ಸಿಂಗಾಪುರದ ಅಕ್ವಾರಾಮ ಪ್ರದರ್ಶನದಲ್ಲಿ ಬಹುಮಾನ ಪಡೆದ ಮೇಲೆ ಇದಕ್ಕೆ ಎಷ್ಟು ಬೇಡಿಕೆ ಬಂತೆಂದರೆ ಇಂದು ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ಕಲ್ಲಿನ ಸಂದಿಯಲ್ಲಿ ಮೊಟ್ಟೆ ಹುಡುಕಿ ತಿನ್ನುವ ಪರಕೀಯ ಪ್ರಾಣಿಯೊಂದು ಈ ಹೊಳೆಗಳಿಗೆ ಸೇರಿದರೆ ಅದನ್ನು ತೆಗೆಯುವ ಉಪಾಯ ಯಾರಲ್ಲಿಯೂ ಇಲ್ಲ.

ಇನ್ನೊಂದು ಸಂಗತಿ ರೋಗದ್ದು. 1994ರಲ್ಲಿ ನಮ್ಮ ದೇಶದ ಸಿಗಡಿ ಕೊಳಗಳನ್ನು ಹಾಳುಮಾಡಿದ ಬಿಳಿಚುಕ್ಕೆ ವೈರಸ್ ಕ್ರೇಫಿಶ್‌ಗೂ ತಗಲುತ್ತದೆ, ಅದರಿಂದ ಬೇರೆ ಜೀವಿಗಳಿಗೂ ಹರಡುತ್ತದೆ. ಕ್ರೇಫಿಶ್ ಇದ್ದ ತೊಟ್ಟಿಯ ನೀರನ್ನು ತೋಡಿಗೆ, ಚರಂಡಿಗೆ ಚೆಲ್ಲದೆ ಹೊಳೆಯಿಂದ ದೂರದ ಒಣ ನೆಲಕ್ಕೆ ಹಾಕಬೇಕು.

ಮನೆಯವರ ಆರೋಗ್ಯ

1. ತೊಟ್ಟಿಗೆ ಕೈ ಹಾಕಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಕೈಯಲ್ಲಿ ಗಾಯವಿದ್ದರೆ ಹಾಕಬಾರದು. ಮೀನುತೊಟ್ಟಿಯ ನೀರಿನಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಗಾಯದ ಮೂಲಕ ಸೇರಿ, ವಾರಗಳ ಬಳಿಕ ಮಾಗದ ಗಂಟುಗಳನ್ನು ಉಂಟುಮಾಡುತ್ತದೆ. ಅಂಥದ್ದು ಕಂಡರೆ ವೈದ್ಯರಿಗೆ ತೊಟ್ಟಿಯ ವಿಷಯವನ್ನೂ ತಿಳಿಸಿ.

2. ಸಿಗಡಿ ಏಡಿ ತಿಂದರೆ ಮೈ ತುರಿಸುವವರು ಕ್ರೇಫಿಶ್ಸನ್ನೂ ಅದರ ಪೊರೆಯನ್ನೂ ಮುಟ್ಟದಿರುವುದೇ ಲೇಸು.

3. ನಳ್ಳಿ ನೀರಿನ ಕ್ಲೋರಿನ್ ಹೋಗಲೆಂದು ಬಕೆಟ್‌ನಲ್ಲಿ ಒಂದು ದಿನ ಇಡುವುದುಂಟು. ಅದಕ್ಕೆ ಬಟ್ಟೆ ಕಟ್ಟಿಡಿ. ಮರೆತು ವಾರ ಬಿಟ್ಟರೆ ಡೆಂಗ್ಯೂ ಸೊಳ್ಳೆಯ ತೊಟ್ಟಿಲಾಗುತ್ತದೆ.

4. ನೀರಿಗೆ ಕೈ ಹಾಕುವ ಮೊದಲು ವಿದ್ಯುತ್ ಪ್ಲಗ್ಗುಗಳನ್ನು ತೆಗೆಯಿರಿ. ತಂತಿ ಪ್ಲಗ್ಗಿಗಿಂತ ಕೆಳಗೆ ಜೋತು ಬಳಸಿ ಬರುವಂತಿದ್ದರೆ ನೀರು ಹರಿದು ಪ್ಲಗ್ಗಿಗೆ ಸೇರುವುದಿಲ್ಲ.

5. ಹೊಳೆಯ ಏಡಿಯಾಗಲಿ ಕ್ರೇಫಿಶ್ ಆಗಲಿ, ಅರೆಬೆಂದದ್ದನ್ನು ತಿನ್ನಬಾರದು. ಶ್ವಾಸಕೋಶವನ್ನು ಸೇರುವ ಒಂದು ಹುಳು ಇವುಗಳ ಹಸಿ ಮಾಂಸದಿಂದ ಬರುತ್ತದೆ; ಅದರ ಕೆಮ್ಮು ಕ್ಷಯದಂತೆಯೇ ಕಾಣುತ್ತದೆ.

ಹಾಗಾದರೆ ಏನು ಸಾಕೋಣ?

ಮಕ್ಕಳ ಸಂತೋಷಕ್ಕೆ ನಮ್ಮ ಊರಿನ ಮೀನುಗಳೇ ಸಾಕು. ಮಲಬಾರ್ ಡಾನಿಯೋ, ಕಿತ್ತಳೆ ಬಣ್ಣದ ಕ್ರೋಮೈಡ್, ಚುಕ್ಕೆ ಬಾರ್ಬ್‌ಗಳು ನಮ್ಮ ನೀರಿಗೆ ಹೊಂದಿಕೊಂಡವು, ಬೇಗ ಸಾಯುವುದಿಲ್ಲ. ಆದಾಯದ ಆಸೆಯಿರುವ ಕೃಷಿಕರಿಗೆ ನಮ್ಮದೇ ದೊಡ್ಡ ಸಿಹಿನೀರಿನ ಸಿಗಡಿ ಇದೆ. ನೀಲಿ ಉದ್ದ ಕಾಲಿನ ಇದು ಕುಟ್ಟನಾಡಿನ ಹೆಮ್ಮೆ. ಕೊಳದಲ್ಲಿ ಮೇಲುನೀರಿನ ಕಾಟ್ಲಾ, ನಡುನೀರಿನ ರೋಹು ಮೀನಿನೊಡನೆ ತಳದಲ್ಲಿ ಈ ಸಿಗಡಿಯನ್ನು ಬೆಳೆಸಬಹುದು. ತಳದಲ್ಲೇ ಮೇಯುವ ಮೃಗಾಲ, ಸಾಮಾನ್ಯ ಗೆಂಡೆಯನ್ನು ಜೊತೆಗೆ ಬಿಡಬಾರದು, ಆಹಾರಕ್ಕೆ ಪೈಪೋಟಿಯಾಗುತ್ತದೆ. ಇದರ ಮರಿಗಳಿಗೆ ಮೊದಲ ದಿನಗಳಲ್ಲಿ ಚಪ್ಪೆ ಉಪ್ಪುನೀರು ಬೇಕಾದ್ದರಿಂದ ಬಿತ್ತನೆಯನ್ನು ಮರಿ ಉತ್ಪಾದನಾ ಕೇಂದ್ರದಿಂದಲೇ ತರಬೇಕು. ಕಾಸರಗೋಡಿನ ಕೃಷಿ ವಿಜ್ಞಾನ ಕೇಂದ್ರ, ಮೀನುಗಾರಿಕಾ ಇಲಾಖೆಯ ಕಚೇರಿ, 1969ರಿಂದ ನಡೆದುಬಂದಿರುವ ಮಂಗಳೂರಿನ ಮೀನುಗಾರಿಕಾ ಕಾಲೇಜು ಇಲ್ಲಿ ಕೇಳಿ ಮುಂದುವರಿಯುವುದು ಕ್ಷೇಮ.

ಈಗಾಗಲೇ ಕ್ರೇಫಿಶ್ ಸಾಕಿದವರು ಗಾಬರಿಯಾಗಬೇಕಾಗಿಲ್ಲ. ಮುಚ್ಚಳ ಭದ್ರವಾಗಿರಲಿ, ಒಂದೇ ಇರಲಿ, ಅದರ ಆಯುಸ್ಸು ಮುಗಿಯುವವರೆಗೆ ನೋಡಿಕೊಳ್ಳಿ. ಬೇಡವಾದರೆ ಅಂಗಡಿಗೆ ಮರಳಿ ಕೊಡಿ ಅಥವಾ ಜವಾಬ್ದಾರಿ ಬಲ್ಲವರಿಗೆ ದಾಟಿಸಿ. ಯಾವ ಕಾರಣಕ್ಕೂ ಬಾವಿಗೆ, ಮದಗಕ್ಕೆ, ತೋಡಿಗೆ ಬಿಡಬೇಡಿ.

ಹುಡುಗನ ಬಕೆಟ್ಟಿನ ಕಥೆ ಇಷ್ಟು. ತಾಯಿ ಕ್ರೇಫಿಶ್ ನಮ್ಮ ವರಾಂಡದ ಹಳೆಯ ತೊಟ್ಟಿಗೆ ಬಂತು. ಮೀನಿಲ್ಲದೆ, ಬಿಗಿಯಾದ ಮುಚ್ಚಳದಡಿ ಅದು ಒಂಟಿಯಾಗಿದೆ. ಮರಿಗಳನ್ನು ಇಟ್ಟುಕೊಳ್ಳುವ ದಾರಿಯಿರಲಿಲ್ಲ. ನೋವಾಗದಂತೆ ತಣ್ಣೀರಿನಲ್ಲಿ ಮಂಪರು ಬರಿಸಿ, ಫ್ರೀಜರಿನಲ್ಲಿಟ್ಟು, ಎರಡು ದಿನದ ಬಳಿಕ ತೆಂಗಿನ ಬುಡದಲ್ಲಿ ಹೂತೆವು. ಹುಡುಗ ಬಂದು ನಿಂತು ನೋಡಿದ, ಮಾತಾಡಲಿಲ್ಲ. ಅವನ ಮೌನ ನಮಗೂ ಭಾರವಾಯಿತು. ಅಂಗಡಿಯಿಂದ ತರುವ ದಿನ ನಾವು ಸ್ವಲ್ಪ ವಿಚಾರಿಸಿದ್ದರೆ, ಅವನು ನಮ್ಮನ್ನು ನೋಡಿ ಕಲಿಯುತ್ತಿರಲಿಲ್ಲ, ಆ ಗುಂಡಿಯನ್ನೂ ತೋಡಬೇಕಾಗಿರಲಿಲ್ಲ.

ಆ ತಾಯಿ ಮತ್ತೆ ಮೊಟ್ಟೆಯಿಟ್ಟರೆ ನಮಗೆ ಮೊದಲು ತಿಳಿಸುವವನು ಅವನೇ. ಪ್ರತಿ ಭಾನುವಾರ ತರಗತಿ ಮುಗಿಸಿ ಬಂದು, ಟಾರ್ಚು ಹಿಡಿದು ಅದರ ಬಾಲದಡಿ ನೋಡಿ ಹೋಗುತ್ತಾನೆ.